ಬೀಗರ ಹೊಟ್ಟೆಯ ಮೇಲಿನ ಗೆರೆ

ಊರಿನ ಅರ್ಧ ಜನಕ್ಕೆ ಕಾರು ಓಡಿಸಲು ಕಲಿಸಿದ್ದು ಅಪ್ಪ. ಸರಿಯಾಗಿ ಕಲಿಯದೆ ರಸ್ತೆಗಿಳಿದು ಗುದ್ದಿಕೊಂಡು ಬಂದವರ ಹೊಟ್ಟೆ ಹೊಲಿಯುವುದು ಮಗಳು. ಹೀಗಾಗಿ ಇವರಿಬ್ಬರೂ ಊಟಕ್ಕೆ ಕೂತರೂ ರಸ್ತೆಯದೇ ಮಾತು. ಅಪ್ಪನಿಗೆ ಜನ ಇಟ್ಟ ಹೆಸರು ಬ್ರೇಕ್ ಮೇಷ್ಟ್ರು. ಮಗಳು ದೊಡ್ಡಾಸ್ಪತ್ರೆಯ ಅಪಘಾತ ವಿಭಾಗದಲ್ಲಿ ಸರ್ಜನ್. ಅವಳಿಗೆ ಅಲ್ಲಿಯ ನರ್ಸುಗಳು ಇಟ್ಟದ್ದು ಹೊಟ್ಟೆ ಡಾಕ್ಟ್ರು. ಬೇರೆ ಹೆಸರು ಹಿಡಿದು ಕರೆದರೆ ಇಬ್ಬರೂ ತಿರುಗಿ ನೋಡುವುದೇ ಅನುಮಾನ.

ಮೇಷ್ಟ್ರ ತರಬೇತಿ ಕಾರು ಅವರಷ್ಟೇ ಹಳೆಯದು, ಅವರಷ್ಟೇ ಸದ್ದಿನದು. ಕಲಿಯುವವರ ಕಾಲಡಿ ಒಂದು ಬ್ರೇಕು, ಪಕ್ಕದಲ್ಲಿ ಕೂರುವ ಮೇಷ್ಟ್ರ ಕಾಲಡಿ ಇನ್ನೊಂದು. ಆ ಎರಡನೆಯ ಬ್ರೇಕಿನಿಂದಲೇ ಅವರಿಗೆ ಹೆಸರು ಬಂದದ್ದು. ಆದರೆ ಅದಕ್ಕಿಂತ ಜೋರಾಗಿ ಕೆಲಸ ಮಾಡುತ್ತಿದ್ದದ್ದು ಅವರ ಬಾಯಿ. "ಕಣ್ಣು ರಸ್ತೆ ಮೇಲಿರ್ಲಿ ಸ್ವಾಮಿ, ಗೇರ್ ಮೇಲಲ್ಲ! ಗೇರೇನು ಎದ್ದು ಓಡಿ ಹೋಗತ್ತಾ?" ಎಂದು ಗದರಿಸಿದರೆ ಪಕ್ಕದ ಬೀದಿಯಲ್ಲಿ ಹೋಗುವವರೂ ಒಮ್ಮೆ ರಸ್ತೆ ನೋಡಿಕೊಳ್ಳುತ್ತಿದ್ದರು. ಬೆಲ್ಟ್ ಹಾಕದೆ ಕೀ ತಿರುಗಿಸಿದರಂತೂ ಮುಗಿಯಿತು, ಆ ದಿನದ ಪಾಠ ಅಲ್ಲಿಗೇ ಬಂದ್.

ಇಂಥ ಮೇಷ್ಟ್ರಿಗೆ ಒಂದು ಪೇಚಾಟ ಬಂತು. ಮಗಳ ಅತ್ತೆ ಕಾರು ಕಲಿಯುತ್ತೇನೆಂದು ಹಟ ಹಿಡಿದರು.

ಅತ್ತೆ ನಿವೃತ್ತ ಗಣಿತದ ಟೀಚರು. ನೆಟ್ಟಗೆ ಕೂರುವ, ನೆಟ್ಟಗೆ ಮಾತಾಡುವ ಹೆಂಗಸು. "ಮಗ ತಿಂಗಳಲ್ಲಿ ಅರ್ಧ ಪ್ರವಾಸ, ಸೊಸೆ ಪೂರ್ತಿ ಆಸ್ಪತ್ರೆ. ಒಂದು ಪುಸ್ತಕದಂಗಡಿಗೆ ಹೋಗ್ಬೇಕಂದ್ರೂ ಯಾರ ಮುಖ ನೋಡ್ಲಿ? ನಾನೇ ಓಡಿಸ್ತೀನಿ," ಎಂದರು. ಮನೆಯಲ್ಲೇ ಮೇಷ್ಟ್ರ ನಂಟಿರುವಾಗ ಬೇರೆ ಕಡೆ ಹೋಗುವುದು ಚೆನ್ನಾಗಿರುತ್ತದೆಯೇ? ಇಲ್ಲ. ಆದರೆ ಬೀಗಿತ್ತಿಯನ್ನು ಬಾಯಿಗೆ ಬಂದಂತೆ ಬೈಯಲಾಗುತ್ತದೆಯೇ? ಅದೂ ಇಲ್ಲ. ಮೇಷ್ಟ್ರು ಮೊದಲ ದಿನದಿಂದಲೇ ಬಾಯಿಗೆ ಬೀಗ ಹಾಕಿಕೊಂಡರು. ಬಾಯಿಗೆ ಬೀಗ ಬಿದ್ದ ಮೇಲೆ ಅವರ ಕೈ ಸುಮ್ಮನಿರಲಿಲ್ಲ. ಗದರಬೇಕಾದ ಕಡೆಯೆಲ್ಲ ಅವರು ಮೆಲ್ಲಗೆ ಬಗ್ಗಿ ಸ್ಟೀರಿಂಗ್ ಹಿಡಿದುಬಿಡುತ್ತಿದ್ದರು.

"ನಿಮ್ಮಪ್ಪ ಬಲು ಸಂಭಾವಿತರು ಕಣಮ್ಮ," ಎಂದು ಅತ್ತೆ ಒಂದು ಸಂಜೆ ಸೊಸೆಗೆ ಹೇಳಿದ್ದರು. "ಒಂದು ಮಾತೂ ಜೋರಾಗಿ ಆಡಲ್ಲ. ಆದ್ರೆ ಕಾರು ಓಡಿಸ್ತಿರೋದು ನಾನೋ ಅವರೋ, ಅದು ಮಾತ್ರ ಇನ್ನೂ ಗೊತ್ತಾಗ್ತಿಲ್ಲ."

ಹೊಟ್ಟೆ ಡಾಕ್ಟ್ರು ಬಿದ್ದು ಬಿದ್ದು ನಕ್ಕಿದ್ದಳು. ಆಗ ನಕ್ಕದ್ದನ್ನು ನೆನೆಸಿಕೊಂಡರೆ ಈಗಲೂ ಅವಳಿಗೆ ಮೈ ಉರಿಯುತ್ತದೆ.

ಆ ಬೆಳಿಗ್ಗೆ ಅವಳು ಅಪಘಾತ ವಿಭಾಗದಲ್ಲಿ, ಬೈಕಿನಿಂದ ಬಿದ್ದ ಒಬ್ಬ ಪೇಂಟರಿಗೆ ಹೆಲ್ಮೆಟ್ಟಿನ ಬಗ್ಗೆ ಉಪದೇಶ ಮಾಡುತ್ತಿದ್ದಳು. ಬಾಗಿಲು ತಳ್ಳಿಕೊಂಡು ಅಪ್ಪ ನಡೆದು ಬಂದರು. ಹಿಂದೆ ಅತ್ತೆ, ಕೈಯಲ್ಲಿ ಎರಡು ಜೊತೆ ಕನ್ನಡಕ. ಒಂದು ತಮ್ಮದು, ಇನ್ನೊಂದು ಬೀಗರದು. ಅವರ ಹಿಂದೆ, ಇಬ್ಬರನ್ನೂ ತನ್ನ ಕಾರಿನಲ್ಲಿ ಕರೆತಂದ ಔಷಧಿ ಅಂಗಡಿಯವನು.

"ಏನೂ ಆಗಿಲ್ಲ, ಏನೂ ಆಗಿಲ್ಲ," ಎಂದು ಅಪ್ಪ ಬಾಗಿಲಲ್ಲೇ ಎರಡೂ ಕೈ ಎತ್ತಿದರು.

ಆಗಿದ್ದಿಷ್ಟು. ಬೇಕರಿಯ ತಿರುವಿನಲ್ಲಿ ಒಬ್ಬ ಪುಣ್ಯಾತ್ಮ ಫೋನನ್ನು ಕಿವಿಗೆ ಸಿಕ್ಕಿಸಿಕೊಂಡು, ಬರಬಾರದ ಕಡೆಯಿಂದ ಸ್ಕೂಟರಿನಲ್ಲಿ ಬಂದ. ಅವನಿಗೆ ಕೂದಲೂ ಕೊಂಕಲಿಲ್ಲ, ನಿಂತು ನೋಡಲೂ ಇಲ್ಲ, ಹೊರಟೇಹೋದ. ಕಾರು ಪಕ್ಕಕ್ಕೆ ತಿರುಗಿ ದೀಪದ ಕಂಬಕ್ಕೆ ಬಡಿಯಿತು.

"ತಪ್ಪು ನನ್ನದೇ," ಎಂದರು ಅತ್ತೆ. "ಗಾಬರಿಯಾಯ್ತು, ಕಾರು ಪಕ್ಕಕ್ಕೆ ಹೋಗ್ಬಿಡ್ತು."

"ಛೆ ಛೆ, ಅಮ್ಮಾವ್ರದ್ದೇನೂ ತಪ್ಪಿಲ್ಲ. ಅಷ್ಟು ಚೆನ್ನಾಗಿ ಓಡಿಸ್ತಿದ್ರು," ಎಂದರು ಅಪ್ಪ.

"ಬೀಗರು ಎಷ್ಟು ಚೆನ್ನಾಗಿ ಬೆಲ್ಟ್ ಹಾಕ್ಕೊಂಡು ಕೂತಿದ್ರು, ಅದಕ್ಕೇ ಉಳಿದ್ವಿ," ಎಂದರು ಅತ್ತೆ.

ಒಬ್ಬರ ಮೇಲೊಬ್ಬರು ಮರ್ಯಾದೆ ಸುರಿಯುವುದನ್ನು ನೋಡಿದರೆ ಮದುವೆ ಮಾತುಕತೆ ಇನ್ನೂ ಮುಗಿದಿಲ್ಲವೇನೋ ಅನ್ನಿಸಬೇಕು. ಮಗಳು ಅದಕ್ಕೆಲ್ಲ ಕಿವಿಗೊಡದೆ ಅಪ್ಪನನ್ನು ಮಂಚದ ಮೇಲೆ ಮಲಗಿಸಿ ಪರದೆ ಎಳೆದಳು.

ಅವಳು ತನ್ನ ಕೈಕೆಳಗಿನ ಕಿರಿಯ ಡಾಕ್ಟರುಗಳಿಗೆ ದಿನಾ ಬಡಿದುಕೊಳ್ಳುವುದು ಒಂದೇ ಮಾತು: ಹೊಟ್ಟೆಗೆ ಪೆಟ್ಟು ಬಿದ್ದಾಗ ಮೊದಲು ಕೇಳಬೇಕಾದದ್ದು ಎಲ್ಲಿ ನೋವು ಎಂದಲ್ಲ, ಹೇಗಾಯಿತು ಎಂದು. ಎಷ್ಟು ಜೋರಿತ್ತು, ಹೇಗೆ ಕೂತಿದ್ದರು, ಯಾವುದು ತಗುಲಿತು. ಕೈ ಮುರಿದರೆ ಕಾಣುತ್ತದೆ, ತಲೆ ಒಡೆದರೆ ರಕ್ತ ಸುರಿಯುತ್ತದೆ. ಹೊಟ್ಟೆ ಹಾಗಲ್ಲ. ಒಳಗೆ ಹರಿದಿದ್ದರೂ ಮೇಲೆ ಏನೂ ಗೊತ್ತಾಗದ ಹಾಗೆ ಅರ್ಧ ದಿನ ಸುಮ್ಮನಿರುತ್ತದೆ.

"ಹೇಗೆ ಕೂತಿದ್ದೆ ಅಪ್ಪ?"

"ಕುರ್ಚೀಲಿ ಕೂತ ಹಾಗೆ ಕೂತಿದ್ದೆ. ಇನ್ನು ಹೇಗೆ ಕೂರ್ತಾರೆ?"

"ಬೆಲ್ಟ್?"

"ಯಾರನ್ನ ಕೇಳ್ತಿದ್ದೀಯ ನೀನು?" ಮೇಷ್ಟ್ರ ಹುಬ್ಬು ಮೇಲೇರಿತು. "ಊರಿಗೆಲ್ಲ ಬೆಲ್ಟ್ ಹಾಕಿಸಿದವನು ನಾನು!"

ನಾಡಿ ಸರಿಯಿತ್ತು, ರಕ್ತದೊತ್ತಡ ಸರಿಯಿತ್ತು. ಚಕ್ರದ ಮೇಲಿನ ಸ್ಕ್ಯಾನ್ ಯಂತ್ರವನ್ನು ತಳ್ಳಿಕೊಂಡು ಬಂದು ಹೊಟ್ಟೆಗೆ ಜೆಲ್ ಹಚ್ಚಿ ನೋಡಿದಳು. ಲಿವರಿನ ಸುತ್ತ ರಕ್ತವಿಲ್ಲ, ಎಡಪಕ್ಕೆಯೊಳಗಿನ ಗುಲ್ಮದ ಬಳಿಯೂ ಇಲ್ಲ. ಹೊಕ್ಕುಳ ಮೇಲೆ ಒಂದಿಷ್ಟು ಕೆಂಪಗಿತ್ತು, ಅಷ್ಟೇ. "ತಣ್ಣಗಿದೆಯಲ್ಲೇ ಇದು, ಬಿಸಿ ಮಾಡಿ ಹಚ್ಚಬಾರ್ದಾ," ಎಂದು ಅಪ್ಪ ಯಂತ್ರಕ್ಕೂ ಬೈದರು. ಒತ್ತಿ ನೋಡಿದಾಗ ಮಾತ್ರ ಒಂದು ಸಲ ಮಾತು ನಿಲ್ಲಿಸಿದರು.

"ನೋವಾಯ್ತಾ?"

"ನಿನ್ನ ಕೈ ಭಾರ. ನಿಮ್ಮಮ್ಮಂದೂ ಹೀಗೇ ಇತ್ತು. ಈಗ ಬಿಡು, ಹತ್ತೂವರೆಗೆ ನನಗೆ ಇನ್ನೊಂದು ಕ್ಲಾಸಿದೆ."

ಯಾವ ಕಾರಿನಲ್ಲಿ ಕ್ಲಾಸು ಎಂದು ಕೇಳಬೇಕೆನಿಸಿತು, ಪಾಪ ಅನ್ನಿಸಿ ಸುಮ್ಮನಾದಳು. ಸ್ವಲ್ಪ ಹೊತ್ತು ಇರಿಸಿಕೊಂಡು ಮನೆಗೆ ಕಳಿಸಿದರಾಯಿತು ಎಂದುಕೊಂಡು, ಅತ್ತೆಗೇನಾದರೂ ಪೆಟ್ಟಾಗಿದೆಯೇ ನೋಡಲು ಪಕ್ಕದ ಪರದೆಯೊಳಗೆ ಹೋದಳು.

ಅತ್ತೆ ಶಾಲು ಸರಿಸಿದರು. ಭುಜದಿಂದ ಹೊರಟು ಎದೆಯ ಮೇಲೆ ಓರೆಯಾಗಿ ಇಳಿದು ಸೊಂಟದವರೆಗೆ, ಸ್ಕೇಲಿಟ್ಟು ಎಳೆದ ಹಾಗೆ ಕೆಂಪು ಗೆರೆ. ಬೆಲ್ಟಿನ ಗುರುತು. ಒತ್ತಿದರೆ ಚರ್ಮ ಉರಿಯುತ್ತಿತ್ತು, ಒಳಗೆ ಎಲ್ಲ ಸರಿಯಿತ್ತು. ಬೆಲ್ಟು ಪೆಟ್ಟನ್ನು ಭುಜದ ಮೂಳೆಗೆ, ಎದೆಗೂಡಿಗೆ, ಸೊಂಟದ ಮೂಳೆಗೆ ಹಂಚಿತ್ತು. ಅದರ ಕೆಲಸವೇ ಅದು.

"ಚೆನ್ನಾಗಿ ಹಾಕ್ಕೊಂಡಿದ್ದೀರಿ ಅತ್ತೆ," ಎಂದು ಶಾಲು ಹೊದಿಸಿದವಳ ಕೈ ಅಲ್ಲೇ ನಿಂತಿತು.

ಒಂದೇ ಕಾರು, ಒಂದೇ ಕಂಬ. ಅಪ್ಪನ ಎದೆಯ ಮೇಲೆ ಗೆರೆ ಎಲ್ಲಿ?

ಓಡಿ ಬಂದು ಪರದೆ ಸರಿಸಿ ಅಪ್ಪನ ಅಂಗಿ ಎತ್ತಿದಳು. ಎದೆ ತೊಳೆದಿಟ್ಟ ತಟ್ಟೆಯಷ್ಟು ಚೊಕ್ಕಟ. ಹೊಕ್ಕುಳ ಮೇಲಿದ್ದ ಕೆಂಪು ಈಗ ಈ ಪಕ್ಕದಿಂದ ಆ ಪಕ್ಕದವರೆಗೆ ಅಂಗೈ ಅಗಲದ ಪಟ್ಟಿಯಾಗಿ ಕಪ್ಪಿಡುತ್ತಿತ್ತು. ತೋಳೆತ್ತಿ ನೋಡಿದರೆ ಕಂಕುಳ ಕೆಳಗೆ ತರಚು ಗಾಯ.

"ಅಪ್ಪ, ಬೆಲ್ಟ್ ಎಲ್ಲಿತ್ತು?"

"ಹಾಕಿದ್ದೆ ಅಂದೆನಲ್ಲ."

"ಹಾಕಿದ್ದೆ, ಗೊತ್ತು. ಎಲ್ಲಿತ್ತು?"

ಮೇಷ್ಟ್ರು ಚಾವಣಿಯ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಮಗಳಿಗೆ ಸಿಟ್ಟು ನೆತ್ತಿಗೇರಿತು. ಈ ಮನುಷ್ಯನನ್ನು ಬಾಯಿ ಬಿಡಿಸುವುದಕ್ಕಿಂತ ಕಂಬವನ್ನೇ ಕೇಳುವುದು ವಾಸಿ ಎಂದುಕೊಂಡು ಅತ್ತೆಯನ್ನು ಹೊರಗಿನ ಓಣಿಗೆ ಕರೆದೊಯ್ದಳು. ಗಾಲಿಕುರ್ಚಿಗಳನ್ನು ಒಂದರೊಳಗೊಂದು ಸೇರಿಸಿಟ್ಟಿದ್ದ ಮೂಲೆ ಅದು.

"ಅತ್ತೆ, ಅಪ್ಪ ಹೇಗೆ ಕೂತಿದ್ರು?"

"ಆಗ್ಲೇ ಹೇಳಿದ್ನಲ್ಲಮ್ಮ, ಚೆನ್ನಾಗಿ..."

"ಅತ್ತೆ!" ಮದುವೆಯಾಗಿ ಇಷ್ಟು ವರ್ಷದಲ್ಲಿ ಅತ್ತೆಯ ಮುಂದೆ ಅವಳ ದನಿ ಎದ್ದದ್ದು ಇದೇ ಮೊದಲು. "ಮರ್ಯಾದೆ ಆಮೇಲೆ ನೋಡ್ಕೊಳ್ಳೋಣ. ಮೊದಲು ಮನುಷ್ಯ ಉಳೀಲಿ. ಬೆಲ್ಟ್ ಬರೀ ಹೊಟ್ಟೆ ಮೇಲೆ ಬಿಗಿದಿದ್ರೆ ಒಳಗೆ ಕರುಳು ಹರಿದಿರಬಹುದು. ಅದು ಸ್ಕ್ಯಾನಲ್ಲಿ ಮೊದಲಿಗೆ ಕಾಣಲ್ಲ. ನಾನೀಗ ಅವರನ್ನ ಮನೆಗೆ ಕಳಿಸ್ತಿದ್ದೆ. ಕಳಿಸಿದ್ರೆ ನಾಳೆ ಹೊಟ್ಟೆ ತುಂಬ ವಿಷ. ನನಗೆ ಇರೋದು ಒಬ್ಬನೇ ಅಪ್ಪ, ಹೇಳಿ!"

ಅತ್ತೆ ಕೈಯಲ್ಲಿದ್ದ ಎರಡೂ ಕನ್ನಡಕ ಮಡಚಿಕೊಂಡರು. "ಮೇಲಿನ ಪಟ್ಟಿ ಯಾವಾಗ್ಲೂ ಕಂಕುಳ ಕೆಳಗೆ ಹಾಕ್ಕೋತಾರಮ್ಮ. ಭುಜದ ಮೇಲಿದ್ರೆ ಸ್ಟೀರಿಂಗಿಗೆ ಕೈ ಎಟುಕೋ ಹೊತ್ತಿಗೆ ಬಿಗಿದುಬಿಡತ್ತೆ ಅಂತ. 'ಮೇಷ್ಟ್ರಿಗೆ ಬೇರೆ ಕಾನೂನು ಅಮ್ಮಾವ್ರೇ' ಅಂತಿದ್ರು. ಇವತ್ತೂ ನನ್ನ ಕಡೆ ಪೂರ್ತಿ ಬಗ್ಗಿದ್ರು. ಮಗಳ ಮುಂದೆ ಹೇಳಿದ್ರೆ ತಲೆ ತಗ್ಗಿಸಬೇಕಾಗತ್ತೆ ಅವರು ಅಂತ..." ಮಾತು ಅಲ್ಲಿಗೆ ತುಂಡಾಯಿತು, ಕಣ್ಣಲ್ಲಿ ನೀರು.

"ಬಗ್ಗಿದ್ರಾ? ಹಾಗಾದ್ರೆ ಸ್ಟೀರಿಂಗ್ ತಿರುಗಿಸಿದ್ದು..."

ಅತ್ತೆ ಕಣ್ಣೊರೆಸಿಕೊಂಡು ನೆಟ್ಟಗೆ ನಿಂತರು. "ಯಾರು ತಿರುಗಿಸಿದ್ದು ಅನ್ನೋದು ಹೊಟ್ಟೆ ನೋಡೋಕೆ ಬೇಕಾ?"

"ಬೇಡ."

"ಹಾಗಾದ್ರೆ ಅದನ್ನ ಕೇಳ್ಬೇಡ."

ಕೇಳಲಿಲ್ಲ. ಕೇಳುವಷ್ಟು ಪುರುಸೊತ್ತೂ ಇರಲಿಲ್ಲ. ಸ್ವಂತದವರ ಹೊಟ್ಟೆಗೆ ಸ್ವಂತದವರು ಕತ್ತರಿ ಹಾಕಬಾರದೆಂಬುದು ಆಸ್ಪತ್ರೆಯ ನಿಯಮ. ಅವಳು ಹಿರಿಯ ಸರ್ಜನ್ನರನ್ನು ಕರೆಸಿದಳು. ಅವರಿಗೆ ನಿಧಾನ ಡಾಕ್ಟ್ರು ಅಂತಲೇ ಹೆಸರು. ನಡೆಯುವುದು ನಿಧಾನ, ಮಾತು ಇನ್ನೂ ನಿಧಾನ, ಕೈ ಮಾತ್ರ ಭಲೇ ಚುರುಕು. ಅವರು ಅರ್ಧ ಲೋಟ ಚಹಾ ಕೈಯಲ್ಲೇ ಹಿಡಿದು ಬಂದು, ಹೊಟ್ಟೆಯ ಪಟ್ಟಿ ನೋಡಿದ್ದೇ ಲೋಟ ಕೆಳಗಿಟ್ಟರು.

"ಮೇಷ್ಟ್ರೇ, ನನಗೆ ಕಾರು ಕಲಿಸಿದ್ದು ನೀವೇ. ನೆನಪಿದ್ಯಾ?"

"ನೆನಪಿಲ್ದೆ ಏನು. ರಿವರ್ಸ್ ಬರ್ತಿರ್ಲಿಲ್ಲ ನಿಮಗೆ."

"ಇವತ್ತೂ ಬರಲ್ಲ," ಎನ್ನುತ್ತ ಅವರು ಬೆನ್ನುಮೂಳೆಯನ್ನೂ ಒಂದೊಂದಾಗಿ ಒತ್ತಿ ನೋಡಿದರು. ಇಂಥ ಪೆಟ್ಟಿನಲ್ಲಿ ಅದೂ ಬಿರುಕು ಬಿಡುವುದುಂಟು. ಪುಣ್ಯಕ್ಕೆ ಗಟ್ಟಿಯಿತ್ತು. ಆಮೇಲೆ ದೊಡ್ಡ ಸ್ಕ್ಯಾನಿಗೆ, ಆ ಸುರಂಗದಂಥ ಯಂತ್ರಕ್ಕೆ ಕಳಿಸಿದರು. ಚಿತ್ರ ಬಂತು. ಲಿವರ್ ಸರಿ, ಗುಲ್ಮ ಸರಿ, ಮೂತ್ರಪಿಂಡ ಸರಿ; ಆದರೆ ಕರುಳಿನ ಸುರುಳಿಗಳ ನಡುವೆ ಬೆರಳಗಲ ನೀರು.

"ಉಳಿದದ್ದೆಲ್ಲ ಸರಿಯಿದ್ರೆ ಈ ನೀರು ಎಲ್ಲಿಂದ ಬಂತು?" ಎಂದರು ನಿಧಾನ ಡಾಕ್ಟ್ರು, ಪಾಠ ಒಪ್ಪಿಸಿಕೊಳ್ಳುವ ದನಿಯಲ್ಲಿ.

"ಕರುಳಿಂದ," ಎಂದಳು ಅವಳು. ಇದೇ ಪ್ರಶ್ನೆಯನ್ನು ಬೇರೆಯವರ ಅಪ್ಪಂದಿರ ಚಿತ್ರ ಹಿಡಿದುಕೊಂಡು ಎಷ್ಟೋ ಸಲ ಕಿರಿಯರಿಗೆ ಕೇಳಿದ್ದಳು. ಉತ್ತರ ತಾನೇ ಹೇಳಬೇಕಾಗಿ ಬಂದದ್ದು ಇದೇ ಮೊದಲು.

ವಾರ್ಡಿಗೆ ಮರಳುವ ಹೊತ್ತಿಗೆ ಮೇಷ್ಟ್ರು ಮಾತು ನಿಲ್ಲಿಸಿದ್ದರು. ನಾಡಿ ಏರಿತ್ತು. ಮೆತ್ತಗಿದ್ದ ಹೊಟ್ಟೆ ಮುಟ್ಟಿದರೆ ಹಲಗೆಯಂತೆ ಬಿಗಿಯುತ್ತಿತ್ತು. ಬ್ರೇಕ್ ಮೇಷ್ಟ್ರು ಯಾರನ್ನೂ ಬೈಯದೆ ಮಲಗಿದ್ದಾರೆಂದರೆ ಇನ್ನು ಕಾಯುವುದು ಬೇಡ ಎಂದು ಅವಳಿಗೆ ಯಾವ ಯಂತ್ರವೂ ಹೇಳಬೇಕಿರಲಿಲ್ಲ. ಆಪರೇಷನ್ ಕೋಣೆಗೆ ತಳ್ಳಿಕೊಂಡು ಹೋಗುವಾಗ ಅವರು ಮಗಳ ಕೈ ಹಿಡಿದರು.

"ಮರೀ, ಕಂಕುಳ ಕೆಳಗಿತ್ತು ಕಣೇ."

"ಗೊತ್ತಾಯ್ತು ಬಿಡಪ್ಪ."

"ಬೈಯಲ್ವಾ?"

"ಎದ್ದು ಬಾ, ಬೈತೀನಿ. ಸಾಲ ಉಳಿಸ್ಕೊಳ್ಳಲ್ಲ."

ಬಾಗಿಲು ಮುಚ್ಚಿತು. ಜೀವನದಲ್ಲಿ ಮೊದಲ ಸಲ ಅವಳು ಆ ಬಾಗಿಲಿನ ಹೊರಗಡೆ ಉಳಿದಳು. ಒಳಗಿದ್ದರೆ ಕೈಗೆ ಕೆಲಸವಿರುತ್ತದೆ, ಹೊರಗಿದ್ದವರಿಗೆ ಏನಿದೆ? ಎದ್ದಳು, ಕೂತಳು, ನೀರಿನ ಯಂತ್ರದ ಮೇಲೆ ಬರೆದಿದ್ದ ಸೂಚನೆಯನ್ನು ಬಾಯಿಪಾಠ ಮಾಡಿದಳು. ತಾನು ಎಷ್ಟು ಜನರಿಗೆ "ಸ್ವಲ್ಪ ಹೊತ್ತು ಕೂತಿರಿ" ಎಂದು ಹೇಳಿ ಒಳಹೋಗಿದ್ದೇನೆ ಎಂದು ಲೆಕ್ಕ ಹಾಕತೊಡಗಿದಳು. ಅತ್ತೆ ಅವಳನ್ನು ತೋಳು ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು. ಅವಳು ಅತ್ತೆಯ ಭುಜಕ್ಕೆ ತಲೆ ಇಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಬೆಲ್ಟಿನ ಗೆರೆ ಇದ್ದ ಭುಜವೇ ಅದು. ಅತ್ತೆ ನೋವೆನ್ನಲಿಲ್ಲ.

ನಿಧಾನ ಡಾಕ್ಟ್ರು ಹೊರಬಂದಾಗ ಮುಖಕ್ಕೆ ಕಟ್ಟಿದ ಬಟ್ಟೆಯನ್ನೂ ನಿಧಾನವಾಗಿಯೇ ಬಿಚ್ಚಿದರು. ಅವಳಿಗೆ ಅವರನ್ನು ಹಿಡಿದು ಅಲುಗಾಡಿಸುವಷ್ಟು ಕೋಪ ಬಂತು.

"ಸಣ್ಣ ಕರುಳು ಒಂದು ಕಡೆ ಹರಿದಿತ್ತು. ಅದನ್ನ ಹಿಡಿದಿಡೋ ಪೊರೇನೂ ಸ್ವಲ್ಪ ಕಿತ್ತಿತ್ತು. ಕೆಟ್ಟ ತುಂಡು ತೆಗೆದು ಎರಡೂ ತುದಿ ಸೇರಿಸಿದೀನಿ. ಕೊಳೆ ಇನ್ನೂ ಹರಡಿರ್ಲಿಲ್ಲ, ಬೇಗ ಹಿಡಿದ್ರಿ." ಒಂದು ಉಸಿರು ತೆಗೆದುಕೊಂಡು ಸೇರಿಸಿದರು, "ಅಪ್ಪ ಆರಾಮಾಗ್ತಾರೆ ಹೋಗಿ."

ಮುಂದಿನ ದಿನಗಳು ಮೇಷ್ಟ್ರಿಗೆ ಹರಿದ ಕರುಳಿಗಿಂತ ಕಷ್ಟವಾದವು. ಕರುಳು ಮತ್ತೆ ಕೆಲಸ ಶುರುಮಾಡಿತೋ ಇಲ್ಲವೋ ತಿಳಿಯಲು ಇರುವ ಗುರುತು ಒಂದೇ. ನರ್ಸಮ್ಮ ದಿನಕ್ಕೆ ನಾಲ್ಕು ಸಲ ಬಾಗಿಲಿನಿಂದಲೇ, ಇಡೀ ವಾರ್ಡಿಗೆ ಕೇಳುವಂತೆ, "ಮೇಷ್ಟ್ರೇ, ಗ್ಯಾಸ್ ಹೋಯ್ತಾ?" ಎಂದು ಕೂಗುತ್ತಿದ್ದರು. ಅದೂ ಬೀಗಿತ್ತಿ ಪಕ್ಕದಲ್ಲಿ ಕೂತು ಪತ್ರಿಕೆ ಓದಿ ಹೇಳುವಾಗ! ಮೇಷ್ಟ್ರು ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಳ್ಳುತ್ತಿದ್ದರು. ಕೊನೆಗೊಂದು ಮಧ್ಯಾಹ್ನ ಅತ್ತೆಯೇ ಪತ್ರಿಕೆಯಿಂದ ಕಣ್ಣೆತ್ತದೆ, "ಹೋಯ್ತು ಸಿಸ್ಟರ್, ನಾನು ಕೇಳಿಸ್ಕೊಂಡೆ," ಎಂದುಬಿಟ್ಟರು. ವಾರ್ಡಿಗೆ ವಾರ್ಡೇ ಚಪ್ಪಾಳೆ ತಟ್ಟಿತು. ಅಲ್ಲಿಗೆ ಬೀಗರ ನಡುವಿನ ಸಂಕೋಚವೂ ಅರ್ಧ ಖಾಲಿಯಾಯಿತು.

ಮಗಳು ಕೊಟ್ಟ ಮಾತಿನಂತೆ ಬೈದಳು. ಗಂಜಿ ಕುಡಿಸುತ್ತ ಬೈದಳು, ಹೊಲಿಗೆ ಬಿಚ್ಚುತ್ತ ಬೈದಳು, ಮನೆಗೆ ಕರೆತಂದು ದಿಂಬು ಸರಿಮಾಡುತ್ತ ಬೈದಳು. ಮೇಷ್ಟ್ರು ಎಲ್ಲಕ್ಕೂ ಹೂಂಗುಟ್ಟಿದರು. ಅವರಿಗೆ ಬೈಸಿಕೊಂಡು ಅಭ್ಯಾಸವಿರಲಿಲ್ಲ, ಆದರೂ ಪರವಾಗಿಲ್ಲ, ಬೇಗ ಕಲಿತರು.

ಗಾಯ ಮಾಗಿ, ಕಾರಿನ ಮೂತಿ ರಿಪೇರಿಯಾಗಿ, ನಿಧಾನ ಡಾಕ್ಟ್ರು ಹೂಂ ಅಂದ ಮೇಲೆ ಒಂದು ಬೆಳಿಗ್ಗೆ ಪಾಠ ಮತ್ತೆ ಶುರುವಾಯಿತು. ಅತ್ತೆ ಸ್ಟೀರಿಂಗಿನ ಮುಂದೆ, ಮೇಷ್ಟ್ರು ಪಕ್ಕದಲ್ಲಿ. ಹೊಟ್ಟೆ ಡಾಕ್ಟ್ರು ರಜೆ ಹಾಕಿ ಹಿಂದಿನ ಸೀಟಿನಲ್ಲಿ ಕೂತಿದ್ದಳು.

ಅತ್ತೆ ಕೀ ತಿರುಗಿಸಿದರು. ಮೇಷ್ಟ್ರು ಬೆಲ್ಟ್ ಎಳೆದು ಸಿಕ್ಕಿಸಿ, ತಮಗೇ ಗೊತ್ತಿಲ್ಲದೆ, ಮೇಲಿನ ಪಟ್ಟಿಯನ್ನು ಕಂಕುಳ ಕೆಳಗೆ ತಳ್ಳಿದರು. ಇಂಜಿನ್ ಆಫ್ ಆಯಿತು.

"ಯಾಕೆ ಅಮ್ಮಾವ್ರೇ?"

"ಕಣ್ಣೆಲ್ಲಿದೆ ಬೀಗರೇ ನಿಮಗೆ?" ಅತ್ತೆಯ ದನಿ ಕಾರಿನ ಗಾಜು ನಡುಗುವಷ್ಟಿತ್ತು. ಇಡೀ ಶಾಲೆಯನ್ನು ಸುಮ್ಮನಿರಿಸಿದ ದನಿ ಅದು. "ಮೇಷ್ಟ್ರಿಗೇನು ಬೇರೆ ಕಾನೂನಾ? ಪಟ್ಟಿ ಭುಜದ ಮೇಲೆ ಬರ್ದೆ ಈ ಗಾಡಿ ಹೊರಡಲ್ಲ!"

ಮೇಷ್ಟ್ರು ಪಟ್ಟಿಯನ್ನು ಭುಜದ ಮೇಲೆ ತಂದುಕೊಂಡರು. ಹಿಂದೆ ಕೂತವಳು ನಗು ತಡೆಯಲು ಕಿಟಕಿಯ ಹೊರಗೆ ನೋಡಿದಳು.

ಕಾರು ಹೊರಟಿತು. ಗೇರು ಒಂದು, ಎರಡು. ಬೇಕರಿಯ ತಿರುವು ಬಂತು, ಕಂಬ ಬಂತು. ಹೊಸ ಬಣ್ಣ ಬಳಿದಿದ್ದರೂ ಅದರ ಸೊಟ್ಟ ಹಾಗೇ ಇತ್ತು. ಅಷ್ಟರಲ್ಲಿ ಬೇಕರಿಯ ಮೆಟ್ಟಿಲಿಂದ ಒಬ್ಬ ಹೆಂಗಸು, ಕೈಯಲ್ಲಿ ಪೊಟ್ಟಣ ಹಿಡಿದು, ಅತ್ತಿತ್ತ ನೋಡದೆ ರಸ್ತೆಗಿಳಿದಳು.

ಮೇಷ್ಟ್ರ ಕೈ ಸರ್ರನೆ ಸ್ಟೀರಿಂಗಿನ ಕಡೆ ಹಾರಿತು. ಬೆಲ್ಟು ಗಟ್ಟಿಯಾಗಿ ಹಿಡಿದು ಅವರನ್ನು ಸೀಟಿಗೆ ಒರಗಿಸಿತು. ಕೈ ಗಾಳಿಯಲ್ಲೇ ಉಳಿಯಿತು. ಎರಡನೆಯ ಬ್ರೇಕಿನ ನೆನಪಾಗುವಷ್ಟರಲ್ಲಿ ಅತ್ತೆ ತಮ್ಮ ಬ್ರೇಕು ಒತ್ತಿದ್ದರು. ನೆಟ್ಟಗೆ ಹೋಗುತ್ತಿದ್ದ ಕಾರು ನೆಟ್ಟಗೇ ನಿಂತಿತು. ಮುಂದೆ ಇನ್ನೊಂದು ಕಾರು ನಿಲ್ಲಿಸುವಷ್ಟು ಜಾಗ ಉಳಿದಿತ್ತು. ಹೆಂಗಸು ಪೊಟ್ಟಣ ಎದೆಗೊತ್ತಿಕೊಂಡು ಆಚೆ ದಾಟಿ ಹೋದಳು.

ಮೇಷ್ಟ್ರು ಗಾಳಿಯಲ್ಲಿದ್ದ ಕೈಯನ್ನು ನಿಧಾನವಾಗಿ ಇಳಿಸಿ, ಅಂಗಿಯ ಮೇಲಿಂದಲೇ ಹೊಟ್ಟೆಯ ಗಾಯವನ್ನು ಮುಟ್ಟಿಕೊಂಡರು. ಕಂಬ ನೋಡಿದರು, ರಸ್ತೆ ನೋಡಿದರು.

"ಅಮ್ಮಾವ್ರೇ," ಎಂದರು. ದನಿ ಬಹಳ ಸಣ್ಣದಾಗಿತ್ತು. "ಅವತ್ತೂ ನಾನು ಕೈ ಹಾಕದೆ ಇದ್ದಿದ್ರೆ... ನಿಲ್ತಿತ್ತು, ಅಲ್ವಾ?"

ಅತ್ತೆ ಕನ್ನಡಿಯಲ್ಲಿ ಹಿಂದಿನ ರಸ್ತೆ ನೋಡಿಕೊಂಡು, ಇಂಡಿಕೇಟರ್ ಹಾಕಿ, ಮೊದಲ ಗೇರಿಗೆ ಬಂದರು.

"ನಿಲ್ತಿತ್ತು ಬೀಗರೇ," ಎಂದರು. "ನೀವು ಕಲಿಸಿದ್ದಲ್ವಾ? ನಿಲ್ದೆ ಏನು."

ಮೇಷ್ಟ್ರು ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಮುಂದಿನ ತಿರುವಿನಲ್ಲಿ ಅತ್ತೆ ಗೇರು ಹುಡುಕುತ್ತ ಕಣ್ಣು ಕೆಳಗಿಳಿಸಿದರು.

"ಕಣ್ಣು ರಸ್ತೆ ಮೇಲಿರ್ಲಿ ಅಮ್ಮಾವ್ರೇ!" ಎಂದು ಮೇಷ್ಟ್ರು ಗಟ್ಟಿಯಾಗಿ ಗದರಿದರು. ಬೀಗಿತ್ತಿಯ ಮೇಲೆ ಅವರು ದನಿಯೆತ್ತಿದ್ದು ಅದೇ ಮೊದಲು. ಕೈ ತೊಡೆಯ ಮೇಲೆಯೇ ಇತ್ತು.

"ಸರಿ ಮೇಷ್ಟ್ರೇ," ಎಂದು ಅತ್ತೆ ಕಣ್ಣೆತ್ತಿ ಎರಡನೆಯ ಗೇರು ಹಾಕಿದರು.